ಸರದಿ ಬರುವ ತನಕ

ತಿಂಗಳ ಮೊದಲನೆಯ ವಾರ. ಸಂಜೆ ಆರು ಗಂಟೆಯ ಹೊತ್ತು ಎಂದು ಇಟ್ಟುಕೊಳ್ಳಿ. ತಾವು ಪೇಟೆಯ ದೊಡ್ಡ ಅಂಗಡಿಯೊಂದಕ್ಕೆ ಹೋಗಿದ್ದೀರಿ. ಬೇಳೆ, ಬೆಲ್ಲ, ಸೋಪು, ಮಕ್ಕಳಿಗೆ ಬಿಸ್ಕತ್ತು, ಎಲ್ಲವನ್ನೂ ತಾವೇ ಆರಿಸಿ ಬುಟ್ಟಿಗೆ ಹಾಕಿಕೊಂಡದ್ದಾಯಿತು. ಹಣ ಕೊಟ್ಟು ಹೊರಡೋಣವೆಂದು ಬಂದರೆ, ಬಿಲ್ಲು ಹಾಕುವ ಮೇಜಿನ ಮುಂದೆ ಹನುಮಂತನ ಬಾಲದಂತೆ ಸಾಲು! ಆಗ ನಮ್ಮ ಮನಸ್ಸಿನಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಸ್ವಲ್ಪ ನೆನೆದುಕೊಳ್ಳೋಣ. ಮುಂದಿರುವವರ ಬುಟ್ಟಿಯಲ್ಲಿ ಎಷ್ಟು ಸಾಮಾನಿದೆಯೆಂದು ಎಣಿಸುತ್ತೇವೆ. ಪಕ್ಕದ ಸಾಲನ್ನು ಕಣ್ಣಿನಿಂದ ಅಳೆಯುತ್ತೇವೆ. ಬಿಲ್ಲು ಹಾಕುವ ಹುಡುಗಿಯ ಕೈ ಚುರುಕಿಲ್ಲವೆಂದು ಗೊಣಗುತ್ತೇವೆ. ಕೊನೆಗೆ ಕತ್ತು ನೀಡಿ, ಮುಂದುಗಡೆ ಯಾರಾದರೂ ಪರಿಚಯದವರು ಇದ್ದಾರೆಯೆ ಎಂದು ಹುಡುಕುತ್ತೇವೆ. ಈ ಕೊನೆಯ ಹುಡುಕಾಟದ ವಿಷಯವಾಗಿಯೇ ಇಂದು ತಮ್ಮೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇನೆ. ಬೋಧಿಸುವವನ ಸ್ಥಾನದಿಂದ ಅಲ್ಲ. ತಪ್ಪು ಮಾಡಿದವನ ಸ್ಥಾನದಿಂದ.

ಕನ್ನಡ ಪಂಡಿತನ ಕಿವಿಗೆ 'ಬಿಲ್ಲು' ಎಂದೊಡನೆ ಧನುಸ್ಸು ನೆನಪಾಗುತ್ತದೆ. ಸೀತಾಸ್ವಯಂವರದ ಬಿಲ್ಲಿನ ಮುಂದೆ ರಾಜಮಹಾರಾಜರು ಒಬ್ಬೊಬ್ಬರಾಗಿ ಬಂದು ಹೋದರಂತೆ. ಈಗಿನ ಬಿಲ್ಲಿನ ಮುಂದೆ ನಾವು ನೀವು ನಿಂತಿದ್ದೇವೆ. ಈ ನಿಲುವಿಗೆ ನಮ್ಮ ಭಾಷೆಯಲ್ಲಿ ಸಾಲು, ಸರದಿ, ಸರತಿ ಎಂಬ ಹೆಸರುಗಳುಂಟು. ಉತ್ತರ ಕರ್ನಾಟಕದ ಕಡೆ ಪಾಳಿ ಎನ್ನುತ್ತಾರೆ. ಆದರೂ ನಾಲಗೆಗೆ ಬೇಗ ಬರುವುದು 'ಕ್ಯೂ'. ಅದು ಇಂಗ್ಲಿಷಿಗೆ ಫ್ರೆಂಚಿನಿಂದ ಬಂದ ಮಾತು. ಫ್ರೆಂಚಿನಲ್ಲಿ ಅದರ ಅರ್ಥ ಬಾಲ! ಹನುಮಂತನ ಬಾಲವೆಂದ ನಮ್ಮ ಜನ ನಿಘಂಟು ನೋಡದೆಯೇ ಅರ್ಥವನ್ನು ಸರಿಯಾಗಿ ಹೇಳಿದ್ದಾರೆ. ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ ಪ್ಯಾರಿಸಿನ ಜನ ಬ್ರೆಡ್ಡಿನ ಅಂಗಡಿಗಳ ಮುಂದೆ ಸಾಲುಗಟ್ಟಿ ನಿಂತುದನ್ನು ಥಾಮಸ್ ಕಾರ್ಲೈಲ್ 1837ರಲ್ಲಿ ಪ್ರಕಟವಾದ ತನ್ನ ಇತಿಹಾಸ ಗ್ರಂಥದಲ್ಲಿ ವರ್ಣಿಸಿದ್ದಾನೆ. ಆ ಮಾತನ್ನು ಈ ಅರ್ಥದಲ್ಲಿ ಇಂಗ್ಲಿಷ್ ಓದುಗರಿಗೆ ಪರಿಚಯ ಮಾಡಿಕೊಟ್ಟವರಲ್ಲಿ ಆತ ಮೊದಲಿಗ. ಹಸಿದವರ ಸಾಲಿನಿಂದ ಬಂದ ಮಾತು ಅದು. ಇದನ್ನು ಮರೆಯದಿರೋಣ.

ನನ್ನ ಬಾಲ್ಯದಲ್ಲಿ ದಿನಸಿ ಅಂಗಡಿಗೆ ಸಾಲೆಂಬುದು ಇರಲಿಲ್ಲ. ಚೀಟಿ ಕೊಟ್ಟು ಜಗಲಿಯ ಮೇಲೆ ಕುಳಿತರೆ ಶೆಟ್ಟರು ತಕ್ಕಡಿ ಹಿಡಿದು ತೂಗಿ, ಕಾಗದದಲ್ಲಿ ಪೊಟ್ಟಣ ಕಟ್ಟಿ, ನೂಲು ಸುತ್ತಿ ಕೊಡುತ್ತಿದ್ದರು. ಅಷ್ಟರಲ್ಲಿ ಊರಿನ ಸುದ್ದಿಯೆಲ್ಲ ಮುಗಿಯುತ್ತಿತ್ತು. ಕೊಳ್ಳುವವನೇ ಒಳಗೆ ತಿರುಗಾಡಿ ಸಾಮಾನು ಆರಿಸಿ ತರುವ ಪದ್ಧತಿಗೆ ಹೆಸರು ತಂದುಕೊಟ್ಟುದು, 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ತೆರೆದ 'ಪಿಗ್ಲಿ ವಿಗ್ಲಿ' ಎಂಬ ಅಂಗಡಿ. ಒಳಗೆ ಎಲ್ಲರೂ ತಮಗೆ ಬೇಕಾದ ಕಡೆ ಹೋಗಬಹುದು. ಆದರೆ ಕೆರೆಯ ನೀರೆಲ್ಲ ತೂಬಿನ ಬಾಯಿಗೆ ಬರಬೇಕಾದಂತೆ, ಕೊನೆಗೆ ಎಲ್ಲರೂ ಹಣ ತೆಗೆದುಕೊಳ್ಳುವವನ ಮುಂದೆಯೇ ಬರಬೇಕು. ಬೆಲೆಯನ್ನು ಒಂದೊಂದಾಗಿ ಬರೆದುಕೊಳ್ಳುವ ಕಷ್ಟವೂ ಕಾಲಕ್ರಮದಲ್ಲಿ ತೀರಿತು. 1974ರ ಜೂನ್ 26ರಂದು ಅದೇ ದೇಶದ ಒಹಾಯೋ ಸಂಸ್ಥಾನದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ, ಚೂಯಿಂಗ್ ಗಮ್ ಪೊಟ್ಟಣವೊಂದರ ಮೇಲಿನ ಕಪ್ಪು ಗೆರೆಗಳನ್ನು ಯಂತ್ರ ಓದಿ ಬೆಲೆ ಹೇಳಿತು. ಇಂದು ನಮ್ಮ ಪೇಟೆಯಲ್ಲಿಯೂ ಅದೇ ಗೆರೆ, ಅದೇ ಕೀಚಲು ಸದ್ದು. ಹಣವನ್ನೂ ಫೋನಿನಿಂದಲೇ ಕೊಡುತ್ತೇವೆ. ಇಷ್ಟೆಲ್ಲ ಬೇಗವಾಯಿತು, ಸಾಲು ಮಾತ್ರ ಕರಗಲಿಲ್ಲ. ಏಕೆ?

ಇದಕ್ಕೂ ಒಂದು ಶಾಸ್ತ್ರವುಂಟು. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ದೂರವಾಣಿ ಕಂಪೆನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞ, ಫೋನು ಮಾಡುವವರು ಎಷ್ಟು ಹೊತ್ತು ಕಾಯಬೇಕಾಗುತ್ತದೆ ಎಂಬ ಲೆಕ್ಕಕ್ಕೆ ತೊಡಗಿ, 1909ರಲ್ಲಿ ತನ್ನ ಮೊದಲ ಲೇಖನವನ್ನು ಪ್ರಕಟಿಸಿದ. ಅಲ್ಲಿಂದ ಬೆಳೆದ ಶಾಸ್ತ್ರದ ಒಂದು ಸರಳವಾದ ಸೂತ್ರವನ್ನು ಕೇಳಿ. ಬಿಲ್ಲು ಹಾಕುವವನು ಒಬ್ಬನೇ. ಜನ ತಮಗೆ ತೋಚಿದ ಹೊತ್ತಿಗೆ ಬರುತ್ತಾರೆ. ಒಬ್ಬೊಬ್ಬರ ಕೆಲಸಕ್ಕೆ ಹಿಡಿಯುವ ಕಾಲವೂ ಒಂದೊಂದು ತೆರ. ಅವನಿಗೆ ಗಂಟೆಗೆ 48 ನಿಮಿಷದ ಕೆಲಸವಾಗುವಷ್ಟು ಜನ ಬರುತ್ತಿದ್ದರೆ ಮೇಜಿನ ಬಳಿ ಸರಾಸರಿ 4 ಜನ ಇರುತ್ತಾರೆ. 54 ನಿಮಿಷದ ಕೆಲಸವಾದರೆ 9 ಜನ. 57 ನಿಮಿಷವಾದರೆ 19 ಜನ! ಕೆಲಸ ಹೆಚ್ಚಿದುದು ಮೂರೇ ನಿಮಿಷ. ಸಾಲು ಬೆಳೆದುದು ಎರಡರಷ್ಟು. ತುಂಬಿದ ಕೊಡಕ್ಕೆ ಒಂದು ಚೆಂಬು ನೀರು ಹೆಚ್ಚಾದರೆ ನೆಲವೆಲ್ಲ ಒದ್ದೆಯಾಗುತ್ತದಷ್ಟೆ, ಇದೂ ಹಾಗೆಯೇ.

ಈ ಲೆಕ್ಕದಲ್ಲಿ ನಮ್ಮ ನಡತೆಯ ಪಾಠವೂ ಅಡಗಿದೆ. ಮೇಜಿನ ಮುಂದೆ ಬಂದ ಮೇಲೆ ಚೀಲದ ತಳದಲ್ಲಿ ಚಿಲ್ಲರೆ ಹುಡುಕುತ್ತ ಎರಡು ನಿಮಿಷ ಕಳೆದೆನೆನ್ನಿ. ನನ್ನ ಹಿಂದೆ ಹತ್ತು ಜನರಿದ್ದಾರೆ. ನಾನು ಕಳೆದುದು ಎರಡು ನಿಮಿಷವಲ್ಲ. ಹತ್ತು ಜನರ ಎರಡೆರಡು ನಿಮಿಷ, ಒಟ್ಟು ಇಪ್ಪತ್ತು. ಬದನೆಕಾಯಿ ಟೊಮ್ಯಾಟೊಗಳನ್ನು ಮೊದಲೇ ತೂಗಿಸಿ ಚೀಟಿ ಅಂಟಿಸಿಕೊಂಡು ಬನ್ನಿ ಎಂದು ಹಲವು ಅಂಗಡಿಗಳಲ್ಲಿ ಬರೆದು ಹಾಕಿರುತ್ತಾರೆ. ನಾವು ತೂಗಿಸದೆ ತಂದು, ಮೇಜಿನ ಹತ್ತಿರ ಬಂದ ಮೇಲೆ ಹಿಂದಕ್ಕೆ ಓಡುತ್ತೇವೆ. 'ಒಂದೇ ನಿಮಿಷ, ಸಕ್ಕರೆ ಮರೆತೆ' ಎಂದು ಮನೆಯವರನ್ನು ಒಳಗೆ ಕಳುಹಿಸಿ, ಬುಟ್ಟಿಯನ್ನು ಕಾವಲಿಗಿಟ್ಟು ನಿಲ್ಲುತ್ತೇವೆ. ಫೋನಿನಲ್ಲಿ ಬೀಗರೊಡನೆ ಮಾತನಾಡುತ್ತಲೇ, ಹಣ ಎಷ್ಟೆಂದು ಕೈಸನ್ನೆಯಲ್ಲಿ ಕೇಳುತ್ತೇವೆ. ಇವಾವುವೂ ಮಹಾಪರಾಧಗಳಲ್ಲ. ಆದರೆ ಇನ್ನೊಬ್ಬರ ಕಾಲವನ್ನು ಕೇಳದೆ ತೆಗೆದುಕೊಂಡು ಖರ್ಚು ಮಾಡಿದಂತೆ ಎಂಬುದನ್ನು ಮಾತ್ರ ಅಲ್ಲಗಳೆಯಲಾಗದು. ಹಣವನ್ನೂ ಚೀಲವನ್ನೂ ಸರದಿ ಬರುವ ಮೊದಲೇ ಕೈಯಲ್ಲಿ ಹಿಡಿದಿರುವುದು ದೊಡ್ಡ ಸಂಸ್ಕಾರವಲ್ಲದಿರಬಹುದು. ಸಣ್ಣ ಉಪಕಾರವಂತೂ ಹೌದು.

ಇನ್ನೊಂದು ಸಮಾಧಾನವನ್ನೂ ಗಣಿತವೇ ಹೇಳುತ್ತದೆ. 'ನಾನು ನಿಂತ ಸಾಲು ಮಾತ್ರ ಯಾವಾಗಲೂ ನಿಧಾನ. ನನ್ನ ಹಣೆಬರಹ' ಎಂದು ಹಲುಬುವವರುಂಟು. ಒಂದೇ ಅಳತೆಯ ಮೂರು ಸಾಲುಗಳಿದ್ದರೆ, ನಮ್ಮದೇ ಎಲ್ಲಕ್ಕಿಂತ ಬೇಗ ಸಾಗುವ ಸಂಭವ ಮೂರರಲ್ಲಿ ಒಂದು. ಉಳಿದ ಎರಡು ಸಲ ಪಕ್ಕದವರೇ ಗೆಲ್ಲಬೇಕಾದದ್ದು ನ್ಯಾಯ. ಇದು ಹಣೆಬರಹವಲ್ಲ, ಭಾಗಾಕಾರ! ಆದುದರಿಂದಲೇ ಕೆಲವು ಬ್ಯಾಂಕುಗಳಲ್ಲಿ ಚೀಟಿಯ ನಂಬರು ಕೊಟ್ಟು, ಯಾವ ಕಿಟಕಿ ಬಿಡುವಾದರೂ ಮೊದಲು ಬಂದವರನ್ನು ಮೊದಲು ಕರೆಯುತ್ತಾರೆ. ಅಲ್ಲಿಯೂ ಕಾಯುವುದು ತಪ್ಪದು. ಹಿಂದೆ ಬಂದವನು ಮುಂದೆ ಹೋದನೆಂಬ ಉರಿ ಮಾತ್ರ ಇರುವುದಿಲ್ಲ. ಡೇವಿಡ್ ಮೈಸ್ಟರ್ ಎಂಬ ವಿದ್ವಾಂಸ 1985ರಲ್ಲಿ ಕಾಯುವವರ ಮನಸ್ಸಿನ ವಿಷಯವಾಗಿ ಬರೆದ ಲೇಖನದಲ್ಲಿ ಇದನ್ನೇ ತಿಳಿಸಿದ್ದಾನೆ: ನ್ಯಾಯವಾಗಿ ಕಾಯುವ ಹೊತ್ತಿಗಿಂತ ಅನ್ಯಾಯವಾಗಿ ಕಾಯುವ ಹೊತ್ತು ಮನಸ್ಸಿಗೆ ಉದ್ದವಾಗಿ ತೋರುತ್ತದೆ.

ಇದನ್ನು ತಿಳಿಯಲು ನಾವು ಬಹಳ ದೂರ ಹೋಗಬೇಕಾಗಿಲ್ಲ. ನಮ್ಮ ಹಿರಿಯರು ಊಟದ ಮನೆಯಲ್ಲಿಯೇ ಇದನ್ನು ಕಂಡುಕೊಂಡಿದ್ದರು. 'ಪಂಕ್ತಿಭೇದ' ಎಂಬ ಮಾತನ್ನು ತಾವು ಕೇಳಿಯೇ ಇದ್ದೀರಿ. ತುಪ್ಪ ಬಡಿಸುವವನು ತನ್ನ ಮಾವನ ಎಲೆಗೆ ಮಿಳ್ಳೆಯನ್ನೇ ಬಗ್ಗಿಸಿ, ಗುರುತಿಲ್ಲದವನ ಎಲೆಗೆ ನಾಲ್ಕು ಹನಿ ಚಿಮುಕಿಸಿದರೆ ಅದು ಪಂಕ್ತಿಭೇದ. ಒಂದೇ ಸಾಲಿನಲ್ಲಿ ಕುಳಿತವರಿಗೆ ಎರಡು ಬಗೆ ಮಾಡುವುದು ಪಾಪವೆಂದು ನಂಬಿದ್ದರು. ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಪಂಕ್ತಿಯ ಒಳಗೆ ಭೇದ ಸಲ್ಲದೆಂದ ಆ ಹಿರಿಯರೇ ಪಂಕ್ತಿಗಳನ್ನು ಬೇರೆ ಬೇರೆ ಮಾಡಿದ್ದರು. ಜಾತಿಗೊಂದು ಪಂಕ್ತಿ; ಕೆಲವರಿಗೆ ಪಂಕ್ತಿಯೇ ಇಲ್ಲ, ಹಿತ್ತಿಲ ಬಾಗಿಲು ಮಾತ್ರ. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ವಿಧಿ ಈ ವಿಷಯದಲ್ಲಿ ಅಂಗಡಿಗಳ ಹೆಸರನ್ನು ಎತ್ತಿಯೇ ಹೇಳುತ್ತದೆ: ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳ ಮೊದಲಾದವುಗಳ ಕಾರಣದಿಂದ ಅಂಗಡಿ, ಹೋಟೆಲುಗಳಿಗೆ ಯಾರ ಪ್ರವೇಶವನ್ನೂ ತಡೆಯುವಂತಿಲ್ಲ. ಹಾಗೆ ನೋಡಿದರೆ ಅಂಗಡಿಯ ಮುಂದಿನ ಸಾಲು ಹೊಸ ಕಾಲದ ಪಂಕ್ತಿ. ನನ್ನ ಮುಂದೆ ಯಾರು, ಹಿಂದೆ ಯಾರು ಎಂಬುದನ್ನು ಹುಟ್ಟು ಹೇಳುವುದಿಲ್ಲ. ಯಾರು ಮೊದಲು ಬಂದರು ಎಂಬುದು ಹೇಳುತ್ತದೆ. ನಮ್ಮ ದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ.

ಸರದಿಯನ್ನು ಪಾಲಿಸುವುದು ನಮ್ಮ ಜನಕ್ಕೆ ಒಗ್ಗದು ಎನ್ನುವವರ ಮಾತನ್ನು ನಾನು ಒಪ್ಪಲಾರೆ. ನಾನು ಹುಡುಗನಾಗಿದ್ದಾಗ ನ್ಯಾಯಬೆಲೆ ಅಂಗಡಿಯ ಮುಂದೆ ಸೀಮೆಎಣ್ಣೆಗಾಗಿ ನಸುಕಿನಲ್ಲಿಯೇ ಸಾಲು ಕಟ್ಟುತ್ತಿತ್ತು. ಸಾಲಿನಲ್ಲಿ ನಿಂತವರು ಜನರಲ್ಲ; ಡಬ್ಬಗಳು, ಇಟ್ಟಿಗೆ ಚೂರುಗಳು, ಕಲ್ಲುಗಳು! ಕಲ್ಲಿಟ್ಟವರು ಮನೆಗೆ ಹೋಗಿ ಒಲೆ ಹೊತ್ತಿಸಿ ಬರುತ್ತಿದ್ದರು. ಇನ್ನೊಬ್ಬರ ಕಲ್ಲನ್ನು ಸರಿಸಿದವನಿಗೆ ಬೀದಿಯವರೆಲ್ಲ ಛೀಮಾರಿ ಹಾಕುತ್ತಿದ್ದರು. ಕಲ್ಲಿಗೂ ಸರದಿಯಿದ್ದ ಕಾಲ ಅದು. 2020ರಲ್ಲಿ ಸಾಂಕ್ರಾಮಿಕ ಜಾಡ್ಯ ಬಂದಾಗ ಅಂಗಡಿಗಳ ಮುಂದೆ ಸುಣ್ಣದಲ್ಲಿ ಬರೆದ ಬಳೆಯಾಕಾರದ ಗುರುತುಗಳೊಳಗೆ ನಾವೆಲ್ಲರೂ ನಿಂತೆವಲ್ಲವೆ? ಭಯವಿದ್ದಾಗ ಬಂದ ಶಿಸ್ತು, ಭಯ ಹೋದ ಮೇಲೆ ಸುಣ್ಣದೊಡನೆಯೇ ಅಳಿಸಿಹೋಗಬೇಕೆ ಎಂಬುದೇ ಪ್ರಶ್ನೆ.

ಇನ್ನು ನನ್ನ ತಪ್ಪಿನ ಕಥೆ.

ಹೋದ ವರ್ಷ ಗೌರೀಹಬ್ಬದ ಹಿಂದಿನ ಸಂಜೆ. ಬಸ್ ನಿಲ್ದಾಣದ ಬಳಿಯ ಅಂಗಡಿಯಲ್ಲಿ ಬಿಲ್ಲಿನ ಸಾಲು ಬಾಗಿಲವರೆಗೆ ಬೆಳೆದಿತ್ತು. ನಾನು ಹನ್ನೆರಡನೆಯವನೋ ಹದಿಮೂರನೆಯವನೋ ಆಗಿ ನಿಂತಿದ್ದೆ. ಮೇಜಿನಲ್ಲಿದ್ದ ತರುಣ ನನ್ನ ಹಳೆಯ ಶಿಷ್ಯ. ನನ್ನನ್ನು ಕಂಡವನೇ ಎದ್ದು ನಿಂತು, "ಸಾರ್, ನೀವು ಅಲ್ಲಿ ನಿಂತಿದ್ದೀರಾ? ಬನ್ನಿ ಸಾರ್ ಈ ಕಡೆ" ಎಂದು ಕರೆದ. ಸುತ್ತಲಿದ್ದವರಿಗೆ, "ನಮ್ಮ ಮೇಷ್ಟ್ರು" ಎಂದು ಹೆಮ್ಮೆಯಿಂದ ಹೇಳಿದ. ನಾನು ಒಂದು ಸಲ 'ಇರಲಪ್ಪಾ' ಎಂದೆ. ಎರಡನೆಯ ಸಲ ಅವನು ಕರೆಯಲಿ ಎಂದು ಮನಸ್ಸು ಒಳಗೇ ಕಾಯುತ್ತಿತ್ತು. ಕರೆದ, ಹೋದೆ. ಆಗ ಸರದಿ ಬಂದಿದ್ದುದು ಹಳ್ಳಿಯ ಕಡೆಯ ಒಬ್ಬ ಹೆಂಗಸಿನದು. ಬುಟ್ಟಿಯೂ ಇಲ್ಲ; ತೋಳಿನಲ್ಲಿ ಒಂದು ಪೊಟ್ಟಣ ಎಣ್ಣೆ, ಅರ್ಧ ಕಿಲೋ ಬೆಲ್ಲ, ಒಂದು ಕಟ್ಟು ಊದುಬತ್ತಿ. ಮುಷ್ಟಿಯಲ್ಲಿ ಮಡಿಸಿದ ನೋಟು. ಅವರು ಮಾತಿಲ್ಲದೆ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ನನ್ನ ಬುಟ್ಟಿಯಲ್ಲಿ ಹದಿನೆಂಟು ಸಾಮಾನುಗಳಿದ್ದುವು.

ಬಿಲ್ಲು ಮುಗಿಸಿಕೊಂಡು, ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯಲು ಕುಳಿತೆ. ಲೋಟ ಬಾಯಿಗಿಡುವಷ್ಟರಲ್ಲಿ ಆರೂವರೆಯ ಬಸ್ಸು ನಿಲ್ದಾಣದಿಂದ ಹೊರಟಿತು. ಅದರ ಹಿಂದೆಯೇ ಆ ಹೆಂಗಸು ಓಡಿ ಬಂದರು. ಕೈ ಎತ್ತಿದರು, ಕೂಗಿದರು. ಬಸ್ಸು ನಿಲ್ಲಲಿಲ್ಲ. ನನ್ನ ಬಿಲ್ಲಿಗೆ ಹಿಡಿದುದು ನಾಲ್ಕು ನಿಮಿಷ. ಬಸ್ಸು ತಪ್ಪಿದುದು ಅರ್ಧ ನಿಮಿಷದಲ್ಲಿ.

ಕಾಫಿ ಬಿಟ್ಟು ಅವರ ಬಳಿಗೆ ಹೋದೆ. "ತಾಯಿ, ನನ್ನಿಂದ ನಿಮಗೆ ಬಸ್ಸು ತಪ್ಪಿತು. ತಪ್ಪಾಯಿತು" ಎಂದೆ. ಬೆಂಚಿನ ಮೇಲೆ ಕುಳಿತಿದ್ದವರು ನನ್ನನ್ನು ಕಂಡು ಎದ್ದು ನಿಂತರು. "ಅಯ್ಯೋ, ಬುಡಿ ಮೇಷ್ಟ್ರೇ. ನಿಮ್ಮಂಥೋರು ನಮ್ಮ ಹಿಂದೆ ನಿಂತ್ಕಳಕ್ಕಾಯ್ತದಾ? ಎಂಟಕ್ಕೆ ಇನ್ನೊಂದ್ ಬಸ್ ಐತೆ" ಎಂದರು. ಹಬ್ಬಕ್ಕೆಂದು ಮಗಳು ಕೈಗೂಸಿನೊಡನೆ ತವರಿಗೆ ಬಂದು ಮುಚ್ಚಿದ ಬಾಗಿಲ ಮುಂದೆ ಕುಳಿತಿದ್ದಳಂತೆ. ಬೀಗದ ಕೈ ಈ ತಾಯಿಯ ಸೆರಗಿನ ತುದಿಯಲ್ಲಿತ್ತು. ಆಟೋ ಮಾಡಿಕೊಡುತ್ತೇನೆ ಎಂದೆ, ಒಪ್ಪಲಿಲ್ಲ. ಎಂಟು ಗಂಟೆಯವರೆಗೆ ನಾನೂ ಅದೇ ಬೆಂಚಿನ ಮೇಲೆ ಕುಳಿತೆ. ಅದರಿಂದ ಅವರಿಗೆ ಪ್ರಯೋಜನವೇನೂ ಆಗಲಿಲ್ಲ. ಒಂದೂವರೆ ಗಂಟೆ ಎಷ್ಟು ಉದ್ದವೆಂಬುದು ಮಾತ್ರ ನನಗೆ ತಿಳಿಯಿತು.

ಅವರು ಬೈದಿದ್ದರೆ ನಾನು ಹಗುರಾಗುತ್ತಿದ್ದೆ. 'ನಿಮ್ಮಂಥವರು ನಮ್ಮ ಹಿಂದೆ ನಿಲ್ಲಬಹುದೆ' ಎಂಬ ಆ ವಿನಯ ಇಂದಿಗೂ ನನ್ನನ್ನು ಚುಚ್ಚುತ್ತದೆ. ಮೂವತ್ತು ವರ್ಷಕ್ಕೆ ಹತ್ತಿರವಾಗಿ ಮಕ್ಕಳಿಗೆ ಸಮಾನತೆಯ ಪಾಠ ಹೇಳಿದವನು ನಾನು. ಪಂಕ್ತಿಭೇದ ಯಾವ ಸಮಾಸವೆಂದು ಕೇಳಿ ಅಂಕ ಕೊಟ್ಟವನು. ಮರ್ಯಾದೆ ಎಂಬ ಹೆಸರಿನಲ್ಲಿ ಆ ತುಪ್ಪ ನನ್ನ ಎಲೆಗೆ ಬಿದ್ದಾಗ ಸಾಕೆಂದು ಕೈ ಅಡ್ಡ ಹಿಡಿಯಲಿಲ್ಲ. ಶಿಷ್ಯನದು ಪ್ರೀತಿ, ಅವನನ್ನು ದೂರಲಾರೆ. ಆದರೆ ಅವನು ನನಗೆ ಕೊಟ್ಟುದು ಅವನದಾಗಿರಲಿಲ್ಲ. ಅದು ಆ ತಾಯಿಯದು. ತಾಳ್ಮೆ ತಾಳ್ಮೆ ಎಂದು ನಾವು ಹೊಗಳುತ್ತೇವೆ. ತಾಳಿದವನು ಬಾಳಿಯಾನು ಎಂಬ ಗಾದೆಯೂ ಉಂಟು. ಆದರೆ ನಮ್ಮಲ್ಲಿ ತಾಳುವ ಕೆಲಸ ಯಾವಾಗಲೂ ಕೆಲವರ ಪಾಲಿಗೇ ಏಕೆ ಬರುತ್ತದೆ? ಬಡವನ ತಾಳ್ಮೆಯ ಮೇಲೆ ಬಲ್ಲವನು ಬೇಗ ಮನೆ ಸೇರಿದರೆ, ಅದಕ್ಕೆ ತಾಳ್ಮೆಯೆಂಬ ಹೆಸರು ಒಪ್ಪುವುದಿಲ್ಲ. ಎಲ್ಲರೂ ಸಮವಾಗಿ ಹಂಚಿಕೊಂಡಾಗಲೇ ಅದು ಗುಣ.

ಹಾಗಾದರೆ ಸರದಿಯನ್ನು ಎಂದಿಗೂ ಬಿಟ್ಟುಕೊಡಬಾರದೆ? ಕೊಡಬೇಕು. ಬಸುರಿ ಹೆಂಗಸು, ಕೋಲೂರಿದ ವೃದ್ಧರು, ಅಳುವ ಕೂಸನ್ನೆತ್ತಿಕೊಂಡವರು, ಔಷಧದ ಒಂದೇ ಪೊಟ್ಟಣ ಹಿಡಿದು ಕಂಗಾಲಾದವರು ಬಂದರೆ ದಾರಿ ಬಿಡುವುದು ಮನುಷ್ಯಧರ್ಮ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ನನ್ನ ಮುಂದೆ ಒಬ್ಬರನ್ನು ಬಿಟ್ಟುಕೊಂಡಾಗ ನಾನು ಕೊಡುವುದು ನನ್ನ ಕಾಲವನ್ನು ಮಾತ್ರವಲ್ಲ. ನನ್ನ ಹಿಂದಿರುವವರೆಲ್ಲರ ಕಾಲವನ್ನು. ಇನ್ನೊಬ್ಬರ ಗಂಟಿನಿಂದ ದಾನ ಮಾಡಿ ಪುಣ್ಯ ಕಟ್ಟಿಕೊಳ್ಳುವುದು ಸಲ್ಲದು. ಆದುದರಿಂದ ಒಮ್ಮೆ ಹಿಂದಿರುಗಿ, "ಇವರಿಗೆ ಬಿಡೋಣವೇ?" ಎಂದು ಕೇಳಬೇಕು. ಕೇಳಿ ನೋಡಿ, ಬೇಡವೆನ್ನುವವರು ಬಹಳ ವಿರಳ. ಕೇಳಿದಾಗ ಇಡೀ ಸಾಲಿಗೆ ದಾನದ ಸಂತೋಷ ಸಿಗುತ್ತದೆ. ಯಾರಾದರೂ ನಡುವೆ ನುಗ್ಗಿದರೆ? ಕೂಗಾಡುವುದರಿಂದ ಸಾಲು ಮುಂದಕ್ಕೆ ಹೋಗದು. "ಸ್ವಾಮಿ, ಸಾಲಿನ ಕೊನೆ ಆ ಕಡೆ ಇದೆ" ಎಂದು ಮೆಲ್ಲನೆ ತೋರಿಸಿದರೆ ಸಾಕು. ಎಷ್ಟೋ ಜನ ನಿಜವಾಗಿಯೂ ನೋಡಿರುವುದಿಲ್ಲ. ನೋಡಿಯೂ ನುಗ್ಗಿದವರಿಗೆ ನೋಡಿಲ್ಲವೆಂದು ಹೇಳಿಕೊಂಡು ಮಾನದಿಂದ ಹಿಂದಿರುಗಲು ಅವಕಾಶವಾಗುತ್ತದೆ.

ಮೇಜಿನ ಆಚೆ ಇರುವವರನ್ನೂ ಮರೆಯಬಾರದು. ನಾವು ಕಾಲು ಗಂಟೆ ನಿಂತು ಸಿಡುಕುತ್ತೇವೆ. ಬಿಲ್ಲು ಹಾಕುವ ಹುಡುಗಿ ಎಷ್ಟೋ ಅಂಗಡಿಗಳಲ್ಲಿ ದಿನವೆಲ್ಲ ನಿಂತೇ ಇರುತ್ತಾಳೆ. ನಮ್ಮ ನೆರೆಯ ಕೇರಳದಲ್ಲಿ 2018ರಲ್ಲಿಯೂ ತಮಿಳುನಾಡಿನಲ್ಲಿ 2021ರಲ್ಲಿಯೂ ಅಂಗಡಿ ನೌಕರರಿಗೆ ಕುಳಿತುಕೊಳ್ಳಲು ಆಸನ ಕೊಡಬೇಕೆಂದು ಕಾನೂನನ್ನೇ ತಿದ್ದಬೇಕಾಯಿತು. ಒಂದು ಕುರ್ಚಿಗಾಗಿ ಶಾಸನಸಭೆಯವರೆಗೆ ಹೋಗಬೇಕಾಯಿತೆಂದರೆ ಆ ನಿಲುವಿನ ಕಷ್ಟವನ್ನು ಊಹಿಸಿಕೊಳ್ಳಿ. ಯಂತ್ರ ಕೆಟ್ಟರೆ, ಚಿಲ್ಲರೆ ಇಲ್ಲದಿದ್ದರೆ, ಫೋನಿನ ಹಣ ತಡವಾಗಿ ಬಂದರೆ ತಪ್ಪು ಅವಳದಲ್ಲ. "ಆಗಲಮ್ಮಾ, ನಿಧಾನವಾಗಿ ಮಾಡು" ಎಂಬ ಒಂದು ಮಾತಿಗೆ ನಾವು ತೆರಬೇಕಾದ ಬೆಲೆ ಏನೂ ಇಲ್ಲ; ಅದನ್ನು ಯಾವ ಬಿಲ್ಲಿಗೂ ಸೇರಿಸುವುದಿಲ್ಲ.

ಮೊನ್ನೆ ಅದೇ ಅಂಗಡಿಗೆ ಹೋಗಿದ್ದೆ. ಸಂಜೆಯ ಹೊತ್ತು, ಸಾಲು ಇದ್ದೇ ಇತ್ತು. ಮೇಜಿನಿಂದ ಶಿಷ್ಯ ಎಂದಿನಂತೆ ಕೈ ಬೀಸಿ ಕರೆದ. ನಾನು ನನ್ನ ಮುಂದಿದ್ದವರನ್ನು ಎಣಿಸಿ ಆರು ಬೆರಳು ತೋರಿಸಿದೆ. ಅವನ ಮುಖ ಸ್ವಲ್ಪ ಸಪ್ಪಗಾಯಿತು. ನನ್ನ ಸರದಿ ಬಂದಾಗ, "ಯಾಕೆ ಸಾರ್, ನನ್ನ ಮೇಲೆ ಬೇಸರವಾ?" ಎಂದು ಕೇಳಿದ. ಸಾಮಾನುಗಳ ಮೇಲೆ ಯಂತ್ರ ಹಾಯಿಸುತ್ತಿದ್ದ ಆ ಎರಡು ನಿಮಿಷದಲ್ಲಿ ಆ ತಾಯಿಯ ಕಥೆಯನ್ನು ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿದ. ಚೀಲವನ್ನು ನನ್ನ ಕೈಗೆ ಕೊಟ್ಟು, ನನ್ನ ಹಿಂದಿದ್ದವರಿಗೆ, "ಬನ್ನಿ ಅಮ್ಮಾ, ಈಗ ನಿಮ್ಮದು" ಎಂದ.

ಹೊರಗೆ ಬಂದಾಗ ಆರೂವರೆಯ ಬಸ್ಸು ನಿಲ್ದಾಣದಿಂದ ಹೊರಡುತ್ತಿತ್ತು. ಕಿಟಕಿಗಳಲ್ಲಿ ಸಂತೆಯ ಚೀಲಗಳೂ ಮಕ್ಕಳ ಮುಖಗಳೂ ಕಂಡುವು. ಆ ದಿನ ಅದನ್ನು ನಾನು ಯಾರಿಗೂ ತಪ್ಪಿಸಿರಲಿಲ್ಲ.